ಧ್ವನಿಲೇಖನದಲ್ಲಿ ಬೀಳುವ ಲೋಪಗಳು: ಅವುಗಳ ಪರೀಕ್ಷೆ ಮತ್ತು ಪರಿಹಾರ

ಈ ಸ್ಮರಣ ಸಂಚಿಕೆಗೆ ಏನನ್ನು ಬರೆಯಬೇಕೆಂದು ಆಲೋಚಿಸುತ್ತಿರುವಾಗ, ವಿದ್ಯಾರ್ಥಿನಿಯರಿಗೆ ಬರಿದೆ ಉಪದೇಶ ಮಾಡುವದಕ್ಕಿಂತ ನಾವೇ ಕಲಿತ ಒಂದು ಪಾಠವನ್ನು ಅವರ ಮುಂದಿಡುವದು ಮೇಲೆಂದು ನಮಗೆ ತೋರಿತು. ಈ ಪಾಠವು ನಮಗೆ ಒಂದು ನಷ್ಟದಿಂದ ದೊರಕಿದ್ದಾಗಿದೆ. ಆದಕಾರಣ ಮೊದಲು ಆ ನಷ್ಟವನ್ನು ಹೇಳಿ, ತರುವಾಯ ಪಾಠಕ್ಕೆ ಬರುವೆವು.

ನಮ್ಮ ಶಾಲೆಗೆ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಸೀಮೆಗಳ ಹುಡುಗಿಯರು ಬರುತ್ತಾರೆ. ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯವರಿಗೆ ಬೇಸಿಗೆಯ ರಜೆಯ ಕೆಲಸವೆಂದು, ತಮ್ಮ ತಮ್ಮ ಮನೆಯ ಹಿರಿಯ ಹೆಂಗಸರು ಬಲ್ಲ ಹಾಡುಗಳನ್ನು ಸಂಗ್ರಹಿಸಲು ಹೇಳಿದ್ದೆವು. ಸುರಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಆಯಿಯವರು ಬೀಸುವ ಕಲ್ಲಿನ ಹಾಡುಗಳನ್ನು ಬಹಳವಾಗಿ ಬಲ್ಲರೆಂದು ಕೇಳಿ, ಶಾಲೆಯ ಲ್ಯಾಪ್‌ಟಾಪನ್ನೂ ಒಂದು ಮೈಕನ್ನೂ ತೆಗೆದುಕೊಂಡು ನಾವೇ ಇಬ್ಬರು ಹುಡುಗಿಯರೊಡನೆ ಅಲ್ಲಿಗೆ ಹೋದೆವು. ಎಂಬತ್ತು ದಾಟಿದ ಆ ತಾಯಿ ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ, ಬೀಸುತ್ತ ಬೀಸುತ್ತ ಮುಕ್ಕಾಲು ತಾಸು ಹಾಡಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರಸಿಕೊಂಡು, "ಯವ್ವಾ, ನನ್ನ ಹಾಡು ನಿಮ್ಮ ಪೆಟ್ಟಿಗ್ಯಾಗ ಸರಿಯಾಗಿ ಕುಂತದೇನು? ಒಂದೀಟು ಕೇಳಸ್ರಿ" ಎಂದರು. ಬಸ್ಸಿನ ಹೊತ್ತಾಗಿತ್ತು. "ಮುಂದಿನ ಸಲ ಬಂದಾಗ ಕೇಳಿಸುತ್ತೇವೆ, ಆಯಿ" ಎಂದು ಹೇಳಿ ಎದ್ದುಬಂದೆವು.

ಶಾಲೆಗೆ ಬಂದು ಕೇಳಿದಾಗ ಹಾಡಿನ ಉದ್ದಕ್ಕೂ ಟಕ್ ಟಕ್ ಎಂಬ ಸದ್ದು ಬಿದ್ದಿತ್ತು. ಹಲವೆಡೆಗಳಲ್ಲಿ ಅರ್ಧ ಶಬ್ದವೇ ಇರಲಿಲ್ಲ. ಒಂದೆರಡು ಕಡೆಗೆ ಒಂದು ಸಾಲಿನ ನಡುವಿನಿಂದ ಮುಂದಿನ ಸಾಲಿನ ನಡುವಿಗೆ ಹಾಡು ಹಾರಿತ್ತು. ದಸರೆಯ ರಜೆಯಲ್ಲಿ ಮತ್ತೆ ಹೋಗಬೇಕೆಂದು ನಿಶ್ಚಯಿಸಿದೆವು. ಶ್ರಾವಣದಲ್ಲಿಯೇ ಆ ತಾಯಿ ತೀರಿಕೊಂಡರು. ಅವರು ಕೇಳಿಸಿರೆಂದಾಗ ಕೇಳಿಸಿದ್ದರೆ ಲೋಪವು ಅಲ್ಲಿಯೇ ತಿಳಿಯುತ್ತಿತ್ತು. ಅವರೇ ಇನ್ನೊಮ್ಮೆ ಹಾಡುತ್ತಿದ್ದರು. ತಪ್ಪು ನಮ್ಮದು. ಯಂತ್ರದ ಮೇಲೆ ಅದನ್ನು ಹೊರಿಸುವಂತಿಲ್ಲ.

ಇದು ಎಷ್ಟರ ಸಂಗತಿಯೆಂದು ಯಾರಾದರೂ ಕೇಳಬಹುದು. ಸುರಪುರದಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆಯು ಇಂದಿಗೂ ನಿಂತಿದೆ. ಅಲ್ಲಿ ವಾಸವಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ಸುರಪುರ ಸಂಸ್ಥಾನದ ಸಂಗತಿಗಳನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟರು. ಅವರ ಮರಣಾನಂತರ ೧೮೭೭ರಲ್ಲಿ ಅದು ಅಚ್ಚಾಯಿತು. ಅದೇ ೧೮೭೭ರಲ್ಲಿಯೇ ಅಮೇರಿಕೆಯಲ್ಲಿ ಎಡಿಸನ್ನನು ಮನುಷ್ಯನ ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್ ಯಂತ್ರವನ್ನು ಕಂಡುಹಿಡಿದನು. ಆದುದರಿಂದ ಟೇಲರ್ ಸಾಹೇಬರ ಕಾಲದ ದರಬಾರು ನಮಗೆ ಓದಲು ಸಿಕ್ಕುತ್ತದೆ; ಆ ಕಾಲದಲ್ಲಿ ಇದೇ ಸೀಮೆಯ ಹೆಂಗಸರು ನಸುಕಿನಲ್ಲಿ ಬೀಸುತ್ತ ಹಾಡಿದ ಧ್ವನಿಯು ಯಾರಿಗೂ ಸಿಕ್ಕಲಾರದು. ಮುಂದೆ ನಮ್ಮ ನೆರೆಯ ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡು "ಗರತಿಯ ಹಾಡು" ಎಂಬ ಸಂಗ್ರಹವನ್ನು ಪ್ರಕಟಿಸಿದರು. ಅದರಿಂದ ಮಾತುಗಳು ಉಳಿದವು. ರಾಗ, ಉಸಿರು, ಕಲ್ಲಿನ ಸದ್ದು ಇವು ಕಾಗದದ ಮೇಲೆ ಕೂಡುವಂಥವಲ್ಲ. ಈಗ ಅವನ್ನೂ ಹಿಡಿಯುವ ಯಂತ್ರವು ನಮ್ಮ ಕೈಯಲ್ಲಿದೆ. ಅದು ಹಿಡಿಯುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು.

೧. ಧ್ವನಿಯು ಯಂತ್ರದೊಳಗೆ ಹೋಗುವ ಬಗೆ

ಧ್ವನಿಯೆಂಬದು ಗಾಳಿಯ ಕಂಪನ. ಮೈಕಿನೊಳಗಿನ ತೆಳ್ಳನೆಯ ಪೊರೆಯು ಆ ಕಂಪನಕ್ಕೆ ತಕ್ಕಂತೆ ಅಲುಗುತ್ತದೆ. ಆ ಅಲುಗಾಟವು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡುತ್ತದೆ. ಈ ಏರಿಳಿತವನ್ನು ಯಂತ್ರವು ಒಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಅಳತೆಗಳನ್ನು ಅಂಕಿಗಳಾಗಿ ಬರೆದಿಡುತ್ತದೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಸ್ವರವನ್ನು ಕೇಳಬಲ್ಲದು. ಒಂದು ಕಂಪನವನ್ನು ಗುರುತಿಸಲು ಎರಡು ಅಳತೆಗಳಿಗಿಂತ ಹೆಚ್ಚು ಬೇಕಾಗುವದರಿಂದ, ೧೯೮೨ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ.ಗೆ ಸೆಕೆಂಡಿಗೆ ೪೪,೧೦೦ ಅಳತೆಗಳೆಂದು ಗೊತ್ತುಪಡಿಸಿದರು. ಈಗಿನ ಲ್ಯಾಪ್‌ಟಾಪುಗಳಲ್ಲಿ ೪೮,೦೦೦ ಎಂಬ ಸಂಖ್ಯೆಯೂ ಬಹಳ ಬಳಕೆಯಲ್ಲಿದೆ.

ವಿದ್ಯಾರ್ಥಿನಿಯರು ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಒಂದೊಂದು ಅಳತೆಗೆ ೧೬ ಬಿಟ್, ಅಂದರೆ ೨ ಬೈಟ್ ಸ್ಥಳ ಬೇಕೆಂದು ಹಿಡಿದರೆ, ಒಂದು ಮೈಕಿನ ಧ್ವನಿಗೆ ಸೆಕೆಂಡಿಗೆ ೯೬,೦೦೦ ಬೈಟ್. ನಿಮಿಷಕ್ಕೆ ಸುಮಾರು ೫.೮ ಎಂ.ಬಿ.; ತಾಸಿಗೆ ಸುಮಾರು ೩೪೬ ಎಂ.ಬಿ. ಆಗುತ್ತದೆ. ಇದು ಈಗಿನ ಯಂತ್ರಕ್ಕೆ ದೊಡ್ಡ ಭಾರವಲ್ಲ. ಹಾಗಾದರೆ ಲೋಪವು ಯಾತರಿಂದ ಬೀಳುತ್ತದೆ? ಭಾರದಿಂದಲ್ಲ, ತಡದಿಂದ. ಇದನ್ನು ನಮ್ಮ ಮನೆಗಳ ಒಂದು ದೃಷ್ಟಾಂತದಿಂದ ತಿಳಿಯೋಣ.

೨. ನಳ, ಕೊಡ ಮತ್ತು ಹಂಡೆ

ನಮ್ಮ ಊರುಗಳಲ್ಲಿ ನಳಕ್ಕೆ ನೀರು ಬಂದಾಗ ಅಕ್ಕತಂಗಿಯರು ಮಾಡುವ ಕೆಲಸವನ್ನು ನೆನೆಯಿರಿ. ಅಕ್ಕನು ನಳದ ಕೆಳಗೆ ಒಂದು ಕೊಡ ಇಡುವಳು. ಅದು ತುಂಬಿದ ಕೂಡಲೆ ಸರಿಸಿ ಬರಿದಾದ ಇನ್ನೊಂದು ಕೊಡವನ್ನು ಇಡುವಳು. ಇದು ತುಂಬುವಷ್ಟರಲ್ಲಿ ತಂಗಿಯು ಮೊದಲನೆಯ ಕೊಡವನ್ನು ಒಳಗೊಯ್ದು ಹಂಡೆಯಲ್ಲಿ ಸುರಿದು ಮರಳಿ ತರಬೇಕು. ತಂಗಿಯು ನೆರೆಮನೆಯವರೊಡನೆ ಮಾತಿಗೆ ನಿಂತಳೆನ್ನಿರಿ. ಎರಡನೆಯ ಕೊಡವೂ ತುಂಬಿತು, ಬರಿದಾದ ಕೊಡವಿಲ್ಲ. ನಳವು ಯಾರಿಗಾಗಿಯೂ ಕಾಯುವದಿಲ್ಲ; ನೀರು ಗಟಾರಕ್ಕೆ ಹೋಗುತ್ತದೆ.

ಧ್ವನಿಲೇಖನದಲ್ಲಿಯೂ ಹೀಗೆಯೇ. ಹಾಡುವವರ ಧ್ವನಿಯು ನಳದ ನೀರು. ಅಳತೆಗಳನ್ನು ತುಸು ಹೊತ್ತು ಹಿಡಿದಿಡುವ ಸ್ಥಳಕ್ಕೆ ಬಫರ್ ಎಂದು ಹೆಸರು, ಇದೇ ಕೊಡ. ಲ್ಯಾಪ್‌ಟಾಪಿನ ಪ್ರೊಸೆಸರು ಒಳಗೊಯ್ಯುವ ತಂಗಿ. ಕಡತವನ್ನು ಇಡುವ ಡಿಸ್ಕು ಹಂಡೆ. ಪ್ರೊಸೆಸರಿಗೆ ಅದೇ ಹೊತ್ತಿನಲ್ಲಿ ಬೇರೆ ಹತ್ತು ಕೆಲಸಗಳಿರುತ್ತವೆ. ಅವುಗಳಲ್ಲಿ ಒಂದು ಅದನ್ನು ಕ್ಷಣಕಾಲ ತಡೆದು ನಿಲ್ಲಿಸಿದರೂ ಕೊಡ ತುಂಬಿ ಹರಿದು, ಆ ಕ್ಷಣದ ಅಳತೆಗಳು ಕಳೆದುಹೋಗುತ್ತವೆ. ಇದನ್ನೇ ಇಂಗ್ಲೀಷಿನವರು ಡ್ರಾಪ್‌ಔಟ್ ಎನ್ನುತ್ತಾರೆ. ಕಳೆದ ಭಾಗದ ಹಿಂದಿನ ಅಂಕಿಗೂ ಮುಂದಿನ ಅಂಕಿಗೂ ಹೊಂದಿಕೆಯಿಲ್ಲದೆ ಹೋಗುವದರಿಂದ ಟಕ್ ಎಂಬ ಸದ್ದು ಕೇಳಿಸುತ್ತದೆ.

ಕೊಡದ ಅಳತೆಯನ್ನೂ ಲೆಕ್ಕ ಮಾಡಬಹುದು. ಸೆಕೆಂಡಿಗೆ ೪೮,೦೦೦ ಅಳತೆಗಳಿರುವಾಗ ೨೫೬ ಅಳತೆಗಳ ಬಫರು ಸೆಕೆಂಡಿನ ಸಾವಿರದಲ್ಲಿ ಸುಮಾರು ೫ ಪಾಲಿನೊಳಗೆ ತುಂಬುತ್ತದೆ. ೧,೦೨೪ ಅಳತೆಗಳದು ಸುಮಾರು ೨೧ ಪಾಲಿನಲ್ಲಿ ತುಂಬುತ್ತದೆ. ಕೊಡ ದೊಡ್ಡದಾದಷ್ಟು ತಂಗಿಗೆ ಬಿಡುವು ಹೆಚ್ಚು. ಹಾಗಾದರೆ ಸಣ್ಣ ಕೊಡವನ್ನು ಯಾರಾದರೂ ಯಾಕೆ ಇಡುತ್ತಾರೆಂದರೆ, ಹಾಡುವವರು ತಮ್ಮ ಧ್ವನಿಯನ್ನು ಯಂತ್ರದ ಮೂಲಕ ಆಗಿಂದಾಗಲೇ ಕಿವಿಯಲ್ಲಿ ಕೇಳುತ್ತ ಹಾಡಬೇಕಾದಾಗ ದೊಡ್ಡ ಕೊಡದಿಂದ ಧ್ವನಿಯು ತಡವಾಗಿ ಮರಳುತ್ತದೆ. ಆಯಿಯವರ ಹಾಡನ್ನು ಬರೆದುಕೊಳ್ಳುವ ನಮಗೆ ಆ ಅಡ್ಡಿಯಿಲ್ಲ. ನಾವು ಧಾರಾಳವಾಗಿ ದೊಡ್ಡ ಕೊಡವನ್ನೇ ಇಡಬಹುದು.

೩. ಲೋಪವನ್ನು ಕಿವಿಯಿಂದ ಗುರುತಿಸುವದು

ವೈದ್ಯರು ಮದ್ದು ಕೊಡುವ ಮೊದಲು ನಾಡಿ ನೋಡುವಂತೆ, ನಾವೂ ಯಾವದನ್ನಾದರೂ ಬದಲಿಸುವ ಮೊದಲು ಚೆನ್ನಾಗಿ ಕೇಳಬೇಕು. ಒಂದೇ ಕಡತವನ್ನು ಎರಡು ಸಲ ನುಡಿಸಿರಿ. ಟಕ್ ಎಂಬ ಸದ್ದು ಎರಡನೆಯ ಸಲ ಬೇರೆ ಕಡೆಗೆ ಬಿದ್ದರೆ, ಕಡತವು ಶುದ್ಧವಾಗಿದ್ದು ನುಡಿಸುವಾಗ ಮಾತ್ರ ದೋಷವಿದೆಯೆಂದು ತಿಳಿಯಿರಿ. ಎರಡೂ ಸಲ ಅದೇ ಸ್ಥಳದಲ್ಲಿ ಬಿದ್ದರೆ ದೋಷವು ಕಡತದಲ್ಲಿಯೇ ಇದೆ. ಈ ಒಂದು ಪರೀಕ್ಷೆಯನ್ನು ಮಾಡದೆ ಅನೇಕರು ಒಳ್ಳೆಯ ಕಡತವನ್ನು ಅಳಿಸಿಬಿಡುತ್ತಾರೆ.

ದೋಷವು ಕಡತದಲ್ಲಿದ್ದರೆ ಅದರ ಜಾತಿಯನ್ನು ಗೊತ್ತುಮಾಡಬೇಕು.

ಟಕ್ ಎಂಬ ಸದ್ದು ಬೀಳುವದು, ಶಬ್ದವು ನುಂಗಿಹೋಗುವದು, ಹಾಡು ಹಾರುವದು: ಇವು ಅಳತೆಗಳು ಕಳೆದುದರ ಲಕ್ಷಣಗಳು. ಮೈಕಿನ ತಂತಿಯು ಸಡಿಲಾಗಿದ್ದರೂ ಇವೇ ತೋರುತ್ತವೆ.

ಗುಂಯ್ ಎಂಬ ಸದ್ದು ಎಡೆಬಿಡದೆ ಕೇಳುವದು: ಇದು ಡ್ರಾಪ್‌ಔಟ್ ಅಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಕಂಪಿಸುತ್ತದೆ. ಚಾರ್ಜರಿನ ಮೂಲಕವಾಗಲಿ ಹತ್ತಿರದ ತಂತಿಗಳ ಮೂಲಕವಾಗಲಿ ಆ ಕಂಪನವು ಮೈಕಿನೊಳಗೆ ಬಂದಿರುತ್ತದೆ.

ಎತ್ತರದ ಸ್ವರದಲ್ಲಿ ಧ್ವನಿಯು ಒಡೆದು ಕೇಳುವದು: ಮೈಕಿನ ಮಟ್ಟವನ್ನು ಅತಿಯಾಗಿ ಏರಿಸಿದ್ದರ ಫಲವಿದು. ಗಟ್ಟಿಯಾಗಿ ಹಾಡಿದಾಗಲೂ ಸೂಚಕವು ಮೈನಸ್ ೬ ಡೆಸಿಬೆಲ್ ದಾಟದಂತೆ ಇಳಿಸಿಕೊಳ್ಳಬೇಕು.

ಸ್ವರವು ಏರಿಯೋ ಇಳಿದೋ ಕೇಳುವದು: ಮೈಕು ೪೮,೦೦೦ದ ಲೆಕ್ಕದಲ್ಲಿ ಕೊಟ್ಟುದನ್ನು ಪ್ರೋಗ್ರಾಮು ೪೪,೧೦೦ರ ಲೆಕ್ಕದಲ್ಲಿ ತೆಗೆದುಕೊಂಡರೆ ಹೀಗಾಗಬಹುದು. ಎರಡು ಕಡೆಗೂ ಒಂದೇ ಸಂಖ್ಯೆಯನ್ನು ಇಡಬೇಕು.

ಸಣ್ಣ ದನಿಯು ಮಾಯವಾಗಿ, ಸಾಲಿನ ಕೊನೆಯು ನೀರಿನೊಳಗಿಂದ ಬಂದಂತೆ ಕೇಳುವದು: ಇದರ ಕಾರಣವನ್ನು ಮುಂದೆ ಹೇಳುವೆವು, ನಮ್ಮನ್ನು ಬಹಳ ದಿನ ದಣಿಸಿದ ದೋಷವಿದು.

೪. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ

ಆಯಿಯವರು ತೀರಿಕೊಂಡ ತರುವಾಯ, ಮೂವರು ವಿದ್ಯಾರ್ಥಿನಿಯರು ಶಾಲೆ ಬಿಟ್ಟ ಮೇಲೆ ವಾಚನಾಲಯದಲ್ಲಿ ಕುಳಿತು ಈ ಪರೀಕ್ಷೆಗಳನ್ನು ಮಾಡುವದಾಗಿ ತಾವಾಗಿಯೇ ಬಂದು ಹೇಳಿದರು. ಮೊದಲನೆಯ ದಿನ ಅವರು ತಂತಿ, ಬಫರು, ವೈಫೈ ಎಲ್ಲವನ್ನೂ ಒಮ್ಮೆಗೇ ಬದಲಿಸಿದರು. ಲೋಪವು ನಿಂತಿತು. ಯಾವದರಿಂದ ನಿಂತಿತೆಂದು ಕೇಳಿದರೆ ಒಬ್ಬಳೂ ಹೇಳಲಾರದೆ ಹೋದಳು. ಮರುದಿನ ಲೋಪವು ಮರಳಿ ಬಂದಾಗ ಅವರು ಮತ್ತೆ ಮೊದಲಿನಿಂದ ಹೊರಡಬೇಕಾಯಿತು.

ಅಂದಿನಿಂದ ಒಂದು ಕ್ರಮವನ್ನು ಹಾಕಿಕೊಂಡೆವು. ನೋಟುಬುಕ್ಕಿನಲ್ಲಿ ಮೂರು ಗೆರೆ ಹಾಕಿ, ಏನನ್ನು ಬದಲಿಸಿದೆವು, ಎಷ್ಟು ಹೊತ್ತು ಧ್ವನಿ ಹಿಡಿದೆವು, ಎಷ್ಟು ಲೋಪ ಬಿದ್ದವು ಎಂದು ಬರೆಯುವದು. ಪ್ರತಿ ಪರೀಕ್ಷೆಯು ಹತ್ತು ನಿಮಿಷದ್ದು. ಹುಡುಗಿಯರಲ್ಲಿ ಒಬ್ಬಳು ಒಳ್ಳೆಯ ಯುಕ್ತಿಯನ್ನು ಹುಡುಕಿದಳು: ಹಾಡಿನ ಬದಲು ಒಂದರಿಂದ ಆರಂಭಿಸಿ ಒಂದೇ ನಡೆಯಲ್ಲಿ ಅಂಕಿಗಳನ್ನು ಎಣಿಸುತ್ತ ಹೋಗುವದು. ಕೇಳುವಾಗ ನಲವತ್ತೊಂದರ ತರುವಾಯ ನಲವತ್ತಮೂರು ಬಂದರೆ, ಲೋಪವು ಎಲ್ಲಿ ಬಿತ್ತೆಂಬದು ಚಿಕ್ಕ ಮಗುವಿಗೂ ತಿಳಿಯುವದು. ಗಡಿಯಾರದ ಹತ್ತು ನಿಮಿಷಕ್ಕೂ ಕಡತದ ಅವಧಿಗೂ ತಾಳೆ ನೋಡುವದು ಇನ್ನೊಂದು ಉಪಾಯ. ಕಡತವು ಚಿಕ್ಕದಾಗಿದ್ದರೆ ಅಳತೆಗಳು ಕಳೆದಿರುವದು ನಿಶ್ಚಯ. ಅವಧಿಯು ಸರಿಯಾಗಿದ್ದ ಮಾತ್ರಕ್ಕೆ ಕಡತವು ಶುದ್ಧವೆಂದು ನಂಬಬಾರದು. ಕಳೆದ ಜಾಗವು ಕೆಲವು ಸಲ ಮೌನದಿಂದ ತುಂಬಿರುತ್ತದೆ.

೫. ಪರೀಕ್ಷೆಗಳ ಕ್ರಮ

ಸುಲಭವಾದುದರಿಂದ ಕಠಿಣವಾದುದಕ್ಕೆ ಹೋಗುವದು ಲೇಸು.

ಮೊದಲನೆಯದು ತಂತಿ. ಧ್ವನಿ ಹಿಡಿಯುತ್ತಿರುವಾಗ ಮೈಕಿನ ತಂತಿಯನ್ನು ಎರಡೂ ತುದಿಗಳಲ್ಲಿ ಮೆಲ್ಲಗೆ ಅಲುಗಿಸಿರಿ. ಅಲುಗಿಸಿದಾಗೆಲ್ಲ ಸದ್ದು ಬಂದರೆ ಕಾರಣ ಸಿಕ್ಕಿತು. ಯು.ಎಸ್.ಬಿ. ಮೈಕಾದರೆ ನಡುವೆ ಹಬ್ಬನ್ನು ಇಡದೆ ಲ್ಯಾಪ್‌ಟಾಪಿಗೇ ನೇರವಾಗಿ ಸಿಕ್ಕಿಸಿರಿ. ಬೇರೊಂದು ಕಿಂಡಿಯಲ್ಲಿಯೂ ಸಿಕ್ಕಿಸಿ ನೋಡಿರಿ. ತಂತಿಯಿಲ್ಲದ ಬ್ಲೂಟೂತ್ ಮೈಕನ್ನು ಈ ಕೆಲಸಕ್ಕೆ ಬಳಸಬೇಡಿರಿ. ಅದು ಮಾತಾಡುವ ಕ್ರಮಕ್ಕೆ ತಿರುಗಿದಾಗ ಸಾಮಾನ್ಯವಾಗಿ ಸೆಕೆಂಡಿಗೆ ೮,೦೦೦ ಇಲ್ಲವೆ ೧೬,೦೦೦ ಅಳತೆಗಳನ್ನಷ್ಟೇ ಕೊಡುತ್ತದೆ. ಹಾಡು ಟೆಲಿಫೋನಿನಲ್ಲಿ ಕೇಳಿದಂತಾಗುತ್ತದೆ.

ಎರಡನೆಯದು ಬಫರು. ನಾವು ಬಳಸುವ ಆಡಾಸಿಟಿ ಎಂಬ ಪ್ರೋಗ್ರಾಮು ಬೆಲೆಯಿಲ್ಲದೆ ದೊರೆಯುತ್ತದೆ. ಅದರ ಪ್ರಿಫರೆನ್ಸಸ್ ಎಂಬಲ್ಲಿ ಬಫರಿನ ಅಳತೆಯು ರೂಢಿಯಂತೆ ೧೦೦ ಮಿಲಿಸೆಕೆಂಡು ಇರುತ್ತದೆ. ಅದನ್ನು ೨೦೦ಕ್ಕೆ ಏರಿಸಿ ಪರೀಕ್ಷಿಸಿರಿ. ಲೋಪ ಬಿದ್ದ ಸ್ಥಳಗಳನ್ನು ಗುರುತಿಸುವ ಏರ್ಪಾಡು ಕೂಡ ಅದರಲ್ಲಿದೆ. ಅದು ತಾನು ಕಂಡುಹಿಡಿದ ಲೋಪಗಳ ಕೆಳಗೆ ಚೀಟಿ ಅಂಟಿಸಿದಂತೆ ತೋರಿಸುತ್ತದೆ. ಅದರ ಕಣ್ಣಿಗೆ ಬೀಳದವೂ ಇರುವದರಿಂದ ಕಿವಿಯಿಂದ ಕೇಳುವದನ್ನು ಬಿಡಬಾರದು.

ಮೂರನೆಯದು ಬೇರೆ ಕೆಲಸಗಳು. ತಂಗಿಯು ಮಾತಿಗೆ ನಿಲ್ಲುವದು ಇಲ್ಲಿಯೇ. ಹಿಂದಿನಿಂದ ಕಡತಗಳನ್ನು ಮೇಲಕ್ಕೆ ಕಳಿಸುವ ಕ್ಲೌಡ್ ಪ್ರೋಗ್ರಾಮು, ವೈರಸ್ ಹುಡುಕುವ ಪ್ರೋಗ್ರಾಮು, ವಿಂಡೋಸಿನ ಅಪ್‌ಡೇಟು, ತೆರೆದಿಟ್ಟ ಬ್ರೌಸರು ಇವೆಲ್ಲವೂ ಪ್ರೊಸೆಸರನ್ನೂ ಡಿಸ್ಕನ್ನೂ ಎಳೆದಾಡುತ್ತವೆ. ವೈಫೈಯನ್ನು ನಡೆಸುವ ಡ್ರೈವರು ಕೆಲವು ಯಂತ್ರಗಳಲ್ಲಿ ಪ್ರೊಸೆಸರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಬಿಡುತ್ತದೆ. ಇದಕ್ಕೆ ಸುಲಭವಾದ ಪರೀಕ್ಷೆಯೆಂದರೆ ಏರೋಪ್ಲೇನ್ ಮೋಡ್ ಹಾಕುವದು. ಯಾವ ಡ್ರೈವರಿನಿಂದ ತಡವಾಗುತ್ತಿದೆಯೆಂದು ವಿವರವಾಗಿ ತಿಳಿಯಬೇಕಾದರೆ ವಿಂಡೋಸ್ ಯಂತ್ರಗಳಲ್ಲಿ ಲೇಟೆನ್ಸಿಮಾನ್ ಎಂಬ ಪ್ರೋಗ್ರಾಮು ಅಳೆದು ತೋರಿಸುತ್ತದೆ.

ನಾಲ್ಕನೆಯದು ಶಕ್ತಿ. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿದ್ದಾಗ ಶಕ್ತಿಯನ್ನು ಉಳಿಸಲು ಪ್ರೊಸೆಸರಿನ ವೇಗವನ್ನು ತಾನಾಗಿಯೇ ಇಳಿಸುತ್ತದೆ. ಕೆಲವು ಸಲ ಯು.ಎಸ್.ಬಿ. ಕಿಂಡಿಯನ್ನು ಕೂಡ ಮಲಗಿಸುತ್ತದೆ. ಹಳ್ಳಿಯಲ್ಲಿ ಅಂದು ಕರೆಂಟು ಇರಲಿಲ್ಲವಾದುದರಿಂದ ನಮ್ಮ ಯಂತ್ರವು ಬ್ಯಾಟರಿಯ ಮೇಲೆಯೇ ಇತ್ತು. ಹಾಗೆಂದು ಚಾರ್ಜರನ್ನು ಸಿಕ್ಕಿಸಿಯೇ ಇಡಬೇಕೆಂದೂ ಹೇಳಲಾಗದು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಚಾರ್ಜರಿನಿಂದಲೇ ಗುಂಯ್ ಎಂಬ ಸದ್ದು ಬರುತ್ತದೆ. ಆದಕಾರಣ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸಿಕೊಂಡು ಹೋಗಿ, ಸೆಟಿಂಗ್ಸ್‌ನಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್ ಎಂಬಲ್ಲಿಗೆ ತಿರುಗಿಸಿ, ಬ್ಯಾಟರಿ ಉಳಿಸುವ ಏರ್ಪಾಡನ್ನು ಆರಿಸಿ ಕೆಲಸ ಮಾಡುವದು ಉತ್ತಮ.

ಐದನೆಯದು ಸೆಕೆ. ಪ್ರೊಸೆಸರು ಅತಿಯಾಗಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಸಿಲು ೪೦ ಡಿಗ್ರಿಯನ್ನು ದಾಟುವದು ಹೊಸತಲ್ಲ. ಲ್ಯಾಪ್‌ಟಾಪನ್ನು ಕೌದಿಯ ಮೇಲೆಯಾಗಲಿ ತಲೆದಿಂಬಿನ ಮೇಲೆಯಾಗಲಿ ಇಟ್ಟರೆ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಹಲಗೆಯ ಮೇಲೆ, ನೆರಳಿನಲ್ಲಿ, ಸಾಧ್ಯವಿದ್ದರೆ ಬೆಳಗಿನ ಹೊತ್ತಿನಲ್ಲಿ ಕೆಲಸ ಮಾಡಬೇಕು. ಹಾಡುವ ಹಿರಿಯರಿಗೂ ಆ ಹೊತ್ತೇ ಹಿತ.

ಆರನೆಯದು ಡಿಸ್ಕು. ಹಂಡೆಯೇ ತುಂಬಿದ್ದರೆ ತಂಗಿಯು ಏನು ಮಾಡಿಯಾಳು? ಹೊರಡುವ ಮೊದಲು ಸ್ಥಳವು ಬೇಕಾದಷ್ಟು ಇದೆಯೇ ಎಂದು ನೋಡಬೇಕು. ಪೆನ್‌ಡ್ರೈವಿನೊಳಗೆ ನೇರವಾಗಿ ಧ್ವನಿ ಹಿಡಿಯಬಾರದು. ಅದರ ಬರೆಯುವ ವೇಗವು ಕಡಿಮೆಯಿರಬಹುದು. ಲ್ಯಾಪ್‌ಟಾಪಿನೊಳಗೆ ಹಿಡಿದು, ತರುವಾಯ ಪ್ರತಿಮಾಡಿಕೊಳ್ಳಬೇಕು.

ಏಳನೆಯದು ಯಂತ್ರದ ಜಾಣತನ. ಸಣ್ಣ ದನಿಯು ಮಾಯವಾಗುವ ದೋಷವನ್ನು ಇಲ್ಲಿ ಹೇಳಬೇಕು. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಮೈಕಿನ ಧ್ವನಿಯಿಂದ ಗದ್ದಲವನ್ನು ತೆಗೆದುಹಾಕುವ ಏರ್ಪಾಡು ಮೊದಲಿನಿಂದಲೇ ತೆರೆದಿರುವದುಂಟು. ಕಚೇರಿಯ ಮಾತುಕತೆಗೆ ಅದು ಉಪಯುಕ್ತ. ಅದು ಎಡೆಬಿಡದೆ ಬರುವ ಸದ್ದನ್ನು ಗದ್ದಲವೆಂದೂ, ನಡುನಡುವೆ ಬರುವ ಮಾತನ್ನು ಧ್ವನಿಯೆಂದೂ ಎಣಿಸುತ್ತದೆ. ಹೀಗಿರಲಾಗಿ ಬೀಸುವ ಕಲ್ಲಿನ ಸದ್ದು ಅದಕ್ಕೆ ಫ್ಯಾನಿನ ಸದ್ದಿನಂತೆ ಕಾಣುತ್ತದೆ. ಕಲ್ಲಿನೊಡನೆ ಬೆರೆತ ಹಾಡಿನ ಎಳೆತವನ್ನೂ ಅದು ಕಲ್ಲಿನೊಡನೆಯೇ ಒರಸಿಹಾಕುತ್ತದೆ. ಸೆಟಿಂಗ್ಸ್‌ನಲ್ಲಿ ಮೈಕಿನ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆರಿಸಬೇಕು. ಲ್ಯಾಪ್‌ಟಾಪಿನ ಕಂಪನಿಯವರು ಕೊಟ್ಟ ಧ್ವನಿಯ ಪ್ರೋಗ್ರಾಮು ಬೇರೆಯಿದ್ದರೆ ಅದರಲ್ಲಿಯೂ ನೋಡಿ ಆರಿಸಬೇಕು.

೬. ನಾವು ಕಂಡುಕೊಂಡುದು

ಮೂವರು ಹುಡುಗಿಯರು ಅಡಿಗೆಮನೆಯ ಮೂಲೆಯಲ್ಲಿದ್ದ ಹಳೆಯ ಬೀಸುವ ಕಲ್ಲನ್ನು ತಂದಿಟ್ಟು, ಹಳ್ಳಿಯಲ್ಲಿದ್ದ ಸ್ಥಿತಿಯನ್ನೇ ಮತ್ತೆ ಕಟ್ಟಿದರು. ಬ್ಯಾಟರಿಯ ಮೇಲೆ, ವೈಫೈ ತೆರೆದಿಟ್ಟು, ಕ್ಲೌಡ್ ಪ್ರೋಗ್ರಾಮು ನಡೆಯುತ್ತಿರುವಾಗ ಎಣಿಸಿದ ಅಂಕಿಗಳು ಮೊದಲ ಹತ್ತು ನಿಮಿಷದಲ್ಲಿಯೇ ಹಲವು ಕಡೆಗೆ ಹಾರಿದವು. ತಂತಿಯನ್ನು ಬದಲಿಸಿದರು, ಲೋಪ ಹಾಗೆಯೇ ಇತ್ತು. ಬಫರನ್ನು ಏರಿಸಿದರು, ಕಡಿಮೆಯಾಯಿತು, ನಿಲ್ಲಲಿಲ್ಲ. ಏರೋಪ್ಲೇನ್ ಮೋಡ್ ಹಾಕಿದರು, ಇನ್ನೂ ಕಡಿಮೆಯಾಯಿತು. ಪವರ್ ಮೋಡನ್ನು ತಿರುಗಿಸಿದರು, ನಿಂತಿತು. ನಿಂತಿತೆಂದು ಸಂತೋಷಪಟ್ಟು ಬಿಡದೆ, ಪವರ್ ಮೋಡನ್ನು ಹಿಂದಿನಂತೆ ಮಾಡಿ ಲೋಪವು ಮರಳುವದೇ ಎಂದು ನೋಡಿದರು, ಮರಳಿತು. ಕಾರಣವನ್ನು ತೆಗೆದಾಗ ದೋಷವು ಹೋಗಬೇಕು, ಇಟ್ಟಾಗ ಬರಬೇಕು. ಆಗ ಮಾತ್ರ ಕಾರಣವು ಸಿಕ್ಕಿತೆಂದು ಹೇಳಬಹುದು. ಇದನ್ನು ಅವರು ವಿಜ್ಞಾನದ ಪರೀಕ್ಷೆಯಲ್ಲಿ ಬರೆದದ್ದಕ್ಕಿಂತ ಇಲ್ಲಿ ಚೆನ್ನಾಗಿ ಕಲಿತರೆಂದು ನಮ್ಮ ನಂಬಿಕೆ.

ಇಷ್ಟಾದರೂ ಕಲ್ಲು ಬೀಸುತ್ತ ಹಾಡಿದಾಗ ಸಾಲಿನ ಕೊನೆಗಳು ಮಾಸಿಯೇ ಕೇಳುತ್ತಿದ್ದವು. ಕಲ್ಲನ್ನು ನಿಲ್ಲಿಸಿ ಹಾಡಿದರೆ ಸರಿಯಾಗಿ ಕೇಳುತ್ತಿತ್ತು. ಕಲ್ಲಿಗೂ ಲ್ಯಾಪ್‌ಟಾಪಿಗೂ ಏನು ವೈರವೆಂದು ಹುಡುಗಿಯರು ನಗುತ್ತಿದ್ದರು. ಗದ್ದಲ ತೆಗೆಯುವ ಏರ್ಪಾಡು ಕಣ್ಣಿಗೆ ಬೀಳಲು ಎರಡು ವಾರ ಹಿಡಿಯಿತು. ಹೀಗೆ ಒಂದು ಹಾಡಿನಲ್ಲಿ ಎರಡು ದೋಷಗಳು ಒಂದರ ಹಿಂದೊಂದು ಅಡಗಿದ್ದವು. ಒಂದು ಕಾರಣ ಸಿಕ್ಕಿದ ಕೂಡಲೆ ಹುಡುಕುವದನ್ನು ಬಿಡಬಾರದೆಂಬದಕ್ಕೆ ಇದೇ ಸಾಕ್ಷಿ.

೭. ಕಳೆದುದನ್ನು ತುಂಬಬಹುದೇ?

ಆಡಾಸಿಟಿಯಲ್ಲಿ ರಿಪೇರ್ ಎಂಬ ಸಾಧನವಿದೆ. ಅದು ೧೨೮ ಅಳತೆಗಳವರೆಗಿನ ಚಿಕ್ಕ ಗಾಯವನ್ನು ಎರಡೂ ಬದಿಯ ಅಂಕಿಗಳನ್ನು ನೋಡಿ ಹೊಲಿಯುತ್ತದೆ. ೪೮,೦೦೦ದ ಲೆಕ್ಕದಲ್ಲಿ ಇದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿಗೂ ಕಡಿಮೆ. ಟಕ್ ಎಂಬ ಸದ್ದನ್ನು ಇದರಿಂದ ಹಲವು ಸಲ ತೆಗೆಯಬಹುದು. ನುಂಗಿಹೋದ ಶಬ್ದವನ್ನು ಯಾವ ಸಾಧನವೂ ಮರಳಿ ತರಲಾರದು. ಯಾತಕ್ಕೆಂದರೆ ಅದು ಯಂತ್ರದೊಳಗೆ ಬರಲೇ ಇಲ್ಲ.

ಆಯಿಯವರ ಮೊಮ್ಮಗಳು ಹಾಡಿನ ಕಳೆದ ತುಣುಕುಗಳನ್ನು ತನ್ನ ಧ್ವನಿಯಲ್ಲಿ ಹಾಡಿ ಸೇರಿಸಲೇ ಎಂದು ನಮ್ಮನ್ನು ಕೇಳಿದಳು. ಆಕೆಗೆ ಅವು ಕೆಲವು ಬಾಯಿಪಾಠವಾಗಿದ್ದವು. ನಾವು ಬಹಳ ಹೊತ್ತು ಆಲೋಚಿಸಿ ಬೇಡವೆಂದೆವು. ಹಾಗೆ ಸೇರಿಸಿದರೆ ಮುಂದೆ ಕೇಳುವವರಿಗೆ ಯಾವದು ಆಯಿಯವರದು, ಯಾವದು ಮೊಮ್ಮಗಳದು ಎಂಬದು ತಿಳಿಯದೆ ಹೋಗುವದು. ಅದಕ್ಕೆ ಬದಲಾಗಿ ಮೂಲ ಕಡತವನ್ನು ಮುಟ್ಟದೆ ಇಟ್ಟು, ಲೋಪಗಳ ಸ್ಥಳಗಳನ್ನು ಬರೆದಿಟ್ಟೆವು. ಮೊಮ್ಮಗಳು ಬಲ್ಲ ಸಾಲುಗಳನ್ನು ಆಕೆಯ ಹೆಸರಿನಲ್ಲಿಯೇ ಬೇರೆ ಕಡತವಾಗಿ ಹಿಡಿದೆವು. ಈಗ ಎರಡೂ ಶಾಲೆಯಲ್ಲಿ ಒಂದರ ಪಕ್ಕದಲ್ಲಿ ಒಂದು ಇವೆ.

೮. ಹೊರಡುವವರಿಗೆ ಕೆಲವು ಸೂಚನೆಗಳು

ಹೊರಡುವ ಹಿಂದಿನ ದಿನವೇ ಅದೇ ಯಂತ್ರ, ಅದೇ ಮೈಕು, ಅದೇ ತಂತಿಯಿಂದ ಹತ್ತು ನಿಮಿಷ ಎಣಿಸಿ ಪರೀಕ್ಷಿಸಿರಿ. ಹೊರಟ ಮೇಲೆ ಯಾವದನ್ನೂ ಹೊಸದಾಗಿ ಹಾಕಬೇಡಿರಿ.

ಹಾಡುವವರ ಒಪ್ಪಿಗೆಯನ್ನು ಕೇಳಿ, ಅವರ ಹೆಸರು, ಊರು, ದಿನಾಂಕವನ್ನು ಧ್ವನಿಯಲ್ಲಿಯೇ ಮೊದಲು ಹೇಳಿಸಿರಿ. ಫ್ಯಾನನ್ನು ನಿಲ್ಲಿಸುವ ಮೊದಲು ಅವರಿಗೆ ಸೆಕೆಯಾಗದೇ ಎಂದು ಕೇಳಿರಿ.

ಒಂದು ಮೊಬೈಲು ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಅದರಲ್ಲಿಯೂ ಅದೇ ಹಾಡನ್ನು ಜೊತೆಯಾಗಿ ಹಿಡಿಯಿರಿ. ಎರಡು ಯಂತ್ರಗಳು ಒಂದೇ ಕ್ಷಣದಲ್ಲಿ ತಪ್ಪುವದು ಅಪರೂಪ.

ಕಡತವನ್ನು ವೇವ್ ರೂಪದಲ್ಲಿ ಇಡಿರಿ. ಎಂ.ಪಿ.೩ ರೂಪವು ಸ್ಥಳ ಉಳಿಸಲು ಧ್ವನಿಯ ಒಂದು ಭಾಗವನ್ನು ಬಿಟ್ಟುಬಿಡುತ್ತದೆ. ಕಳಿಸಲು ಅದು ಸಾಕು, ಕಾಪಾಡಲು ಸಾಲದು. ಅದೇ ದಿನ ಎರಡನೆಯ ಪ್ರತಿಯನ್ನು ಬೇರೊಂದು ಕಡೆಗೆ ಮಾಡಿರಿ.

ಕಡೆಯದಾಗಿ, ಎಲ್ಲಕ್ಕೂ ಮೇಲಾಗಿ, ಎದ್ದುಬರುವ ಮೊದಲು ಕೇಳಿರಿ. ಪೂರ್ಣವಾಗಿ ಕೇಳಲು ಹೊತ್ತಿಲ್ಲವಾದರೆ ಮೊದಲು, ನಡುವೆ, ಕೊನೆ ಹೀಗೆ ಮೂರು ಕಡೆಗಾದರೂ ಕೇಳಿರಿ. ಬಸ್ಸು ಹೋದರೆ ಇನ್ನೊಂದು ಬಸ್ಸು ಬರುವದು.

ಈ ವರುಷದ ಬೇಸಿಗೆಯಲ್ಲಿ ಅದೇ ಮೂವರು ಹುಡುಗಿಯರು ಶಹಾಪುರದ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದರು. ಈ ಸಲ ನಾವು ಹೋಗಲಿಲ್ಲ; ಹೋಗುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಹೋದವರು ಮಧ್ಯಾಹ್ನಕ್ಕೆ ಬರುವರೆಂದಿದ್ದರೆ ದೀಪ ಹಚ್ಚುವ ಹೊತ್ತಿಗೆ ಬಂದರು. ತಡವೇಕೆಂದು ಕೇಳಿದೆವು. ಹಾಡಿದ ಅಜ್ಜಿಯು ತನ್ನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ತಾನು ಒಂದು ಕಡೆ ತಪ್ಪಿದ್ದೆನೆಂದು ಹೇಳಿ, ಆ ಭಾಗವನ್ನು ಮತ್ತೊಮ್ಮೆ ಹಾಡಿ, ಅದನ್ನೂ ಕೇಳಿಯೇ ಬಿಟ್ಟರಂತೆ. ಹುಡುಗಿಯರು ತಡವಾದುದಕ್ಕೆ ಕ್ಷಮೆ ಬೇಡಿದರು. ನಾವು ನೋಟುಬುಕ್ಕನ್ನು ತರಿಸಿ ನೋಡಿದೆವು. ಲೋಪಗಳೆಂಬ ಗೆರೆಯ ಕೆಳಗೆ ಸೊನ್ನೆಯಿತ್ತು.